ಮೋಡದ ಟೀಚರ್ ಜೊಳ್ಳಿಗೆ ಹಾಕಿದ ಮಾತು

ಮೋಡದ ಟೀಚರ್ ನಿವೃತ್ತಿಯಾದ ದಿನ ಮಾತಾಡಿದವರೆಲ್ಲ ಮೋಡವನ್ನೇ ಹೊಗಳಿದರು. ಹೆಡ್‌ಮಾಸ್ಟರು ಹೊಗಳಿದರು, ಮೇಲಿನ ಆಫೀಸಿನಿಂದ ಬಂದಿದ್ದ ಇನ್‌ಸ್ಪೆಕ್ಟರು ಹೊಗಳಿದರು, ಹಳೇ ವಿದ್ಯಾರ್ಥಿಗಳು ಒಬ್ಬರ ಬಾಯಿಂದ ಮೈಕು ಕಿತ್ತುಕೊಂಡು ಇನ್ನೊಬ್ಬರು ಹೊಗಳಿದರು. ಈಕೆ ನಮ್ಮ ಶಾಲೆಯ ಗೋಡೆಗಳಿಗೇ ಮಾತು ಕಲಿಸಿದರು ಅಂತ ಯಾರೋ ಅಂದಾಗ ಮೊದಲ ಸಾಲಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಗೋಡೆಗೆ ಮಾತು ಕಲಿಸಿದಳೋ ಬಿಟ್ಟಳೋ, ಆ ಮೋಡ ಅವಳ ಮನೆಯಿಂದ ಏನನ್ನು ಕಿತ್ತುಕೊಂಡು ಹೋಯಿತು ಅನ್ನುವುದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನು, ಮತ್ತೆ ವೇದಿಕೆಯ ಮೇಲೆ ಕೂತು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ಅವಳು. ಅವಳಂತೂ ಬಾಯಿ ಬಿಡುವವಳಲ್ಲ. ಹಾಗಾಗಿ ನಾನೇ ಹೇಳಿಬಿಡುತ್ತೇನೆ.

ನಾನು ಅದೇ ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದವಳು. ಅವಳು ಭಾಷೆಯ ಪಾಠ ಮಾಡುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಚಿಕ್ಕವಳಾದ್ದರಿಂದ ನನ್ನನ್ನು ಅಕ್ಕ ಅನ್ನುತ್ತಿದ್ದಳು. ಅಕ್ಕ ಅನ್ನಿಸಿಕೊಂಡ ತಪ್ಪಿಗೆ ನನ್ನ ಬಣ್ಣ, ನನ್ನ ಬ್ರಷ್ಷು, ನನ್ನ ರಟ್ಟು ಎಲ್ಲ ಅವಳ ಪಾಲಾಯಿತು. ಹೊಸದಾಗಿ ತಂದಿಟ್ಟ ದಪ್ಪ ಹಾಳೆಗಳು ನನ್ನ ಬೀರುವಿನಲ್ಲಿ ಒಂದು ವಾರ ಉಳಿದರೆ ಅದೇ ಹೆಚ್ಚು.

ಈ ಮೋಡದ ಹುಚ್ಚು ಅವಳಿಗೆ ಹತ್ತಿದ್ದು ಯಾವುದೋ ತರಬೇತಿಗೆ ಹೋಗಿ ಬಂದ ಮೇಲೆ. ಅಲ್ಲಿ ಕಂಪ್ಯೂಟರಿಗೆ ಒಂದು ಪಾಠವನ್ನು ತಿನ್ನಿಸಿದರಂತೆ. ಅದು ಆ ಪಾಠದ ಪದಗಳನ್ನೆಲ್ಲ ಎಣಿಸಿ, ಹೆಚ್ಚು ಸಲ ಬಂದ ಪದವನ್ನು ದೊಡ್ಡದಾಗಿ, ಕಡಿಮೆ ಬಂದದ್ದನ್ನು ಸಣ್ಣದಾಗಿ ಬಣ್ಣಬಣ್ಣದಲ್ಲಿ ಒಂದು ಮೋಡದ ಆಕಾರದೊಳಗೆ ತುಂಬಿಸಿ ಪರದೆಯ ಮೇಲೆ ತೋರಿಸಿತಂತೆ. "ಅಕ್ಕ, ಪಾಠದ ಹೊಟ್ಟೇಲಿ ಏನಿದೆ ಅಂತ ಒಂದೇ ನೋಟಕ್ಕೆ ಕಾಣತ್ತೆ!" ಅಂತ ಕಣ್ಣರಳಿಸಿ ಹೇಳಿದಳು. ನಮ್ಮ ಶಾಲೆಯಲ್ಲಿದ್ದದ್ದು ಒಂದೇ ಕಂಪ್ಯೂಟರು. ಅದು ಹೆಡ್‌ಮಾಸ್ಟರ ಕೋಣೆಯಲ್ಲಿ ಬಟ್ಟೆ ಹೊದ್ದುಕೊಂಡು ಮಲಗಿರುತ್ತಿತ್ತು. ಅವಳು ಅವರ ಹತ್ತಿರ ಹೋಗಿ ಮಕ್ಕಳಿಗೆ ಮೋಡ ಮಾಡಿಸಬೇಕು ಅಂದಾಗ, "ಯಾಕೆ, ವಿಜ್ಞಾನದ ಟೀಚರ್ ರಜಾನಾ?" ಅಂತ ಕೇಳಿದರಂತೆ. ಸರಿ, ಕೈಯಲ್ಲೇ ಮಾಡಿಸುತ್ತೇನೆ ಅಂತ ಹಟ ಹಿಡಿದಳು.

ಅವಳು ಮಾಡಿಸುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಎಲ್ಲ ಅನಾಹುತ ಅದರಲ್ಲೇ ಇದೆ. ಮಕ್ಕಳು ಒಂದು ವಿಷಯದ ಬಗ್ಗೆ ಹಾಳೆಯ ಮೇಲೆ ಪದಗಳ ನಡುವೆ ಬೆರಳಗಲ ಜಾಗ ಬಿಟ್ಟು ಬರೆಯಬೇಕು. ಬರೆದದ್ದನ್ನು ಕತ್ತರಿಯಲ್ಲಿ ಕತ್ತರಿಸಿ ಒಂದೊಂದು ಪದವನ್ನೂ ಬೇರೆ ಮಾಡಬೇಕು. ಒಂದೇ ಪದದ ಚೂರುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಮನೆಗೆ, ಮನೆಯಿಂದ, ಮನೆಯಲ್ಲಿ ಅಂತ ಬಂದರೆ ಬಾಲ ಕತ್ತರಿಸಿ ಎಲ್ಲವನ್ನೂ 'ಮನೆ'ಯ ಕಟ್ಟಿಗೇ ಸೇರಿಸಬೇಕು. ಯಾವ ಕಟ್ಟು ಎಲ್ಲಕ್ಕಿಂತ ಎತ್ತರವೋ ಆ ಪದ ರಟ್ಟಿನ ನಡುವೆ ದಪ್ಪಕ್ಷರದಲ್ಲಿ ಕೂರುತ್ತದೆ. ಉಳಿದವು ತಮ್ಮತಮ್ಮ ಎತ್ತರಕ್ಕೆ ತಕ್ಕ ಹಾಗೆ ಸುತ್ತಲೂ ಸೇರಿಕೊಳ್ಳುತ್ತವೆ.

ಮೊದಮೊದಲು ಎಲ್ಲರ ಮೋಡದ ನಡುವೆಯೂ 'ಮತ್ತು' ಬಂದು ಠಿಕಾಣಿ ಹೂಡಿತು. ಇಲ್ಲವೇ 'ಒಂದು', ಇಲ್ಲವೇ 'ಇದೆ'. ಅವಳಿಗೆ ರೇಗಿತು. ಬೋರ್ಡಿನ ಪಕ್ಕದಲ್ಲಿ ಒಂದು ಪಟ್ಟಿ ಬರೆದು ಅಂಟಿಸಿದಳು: ಮತ್ತು, ಆದರೆ, ಆದ್ದರಿಂದ, ಒಂದು, ಇದೆ, ಇಲ್ಲ, ಅದು, ಇದು, ಅವನು, ಅವಳು, ಅವರು. ಅದಕ್ಕೆ ಅವಳು ಇಟ್ಟ ಹೆಸರು ಜೊಳ್ಳು. ಪ್ರತಿ ಬೆಂಚಿಗೂ ಒಂದೊಂದು ಹಳೇ ಬಿಸ್ಕತ್ತಿನ ಡಬ್ಬ ಕೊಟ್ಟು, "ಕಾಳು ರಟ್ಟಿಗೆ, ಜೊಳ್ಳು ಡಬ್ಬಕ್ಕೆ" ಅಂತ ಮಕ್ಕಳ ಬಾಯಲ್ಲಿ ಹಾಡಿನ ಹಾಗೆ ಹೇಳಿಸಿದಳು. ಸಂಜೆ ಕಸ ಗುಡಿಸುವಾಕೆ ಬಂದು ಡಬ್ಬಗಳನ್ನು ಬಕೆಟ್ಟಿಗೆ ಸುರಿದುಕೊಂಡು ಹೋಗುತ್ತಿದ್ದಳು.

ಇನ್ನೊಂದು ನಿಯಮವೂ ಇತ್ತು. ಮಕ್ಕಳು ಬರೆದದ್ದನ್ನು ಅವಳು ಓದುತ್ತಿರಲಿಲ್ಲ. ಟೀಚರ್ ಓದುತ್ತಾರೆ ಅಂದರೆ ಮಕ್ಕಳು ಪುಸ್ತಕದ ಮಾತನ್ನೇ ಬರೆಯುತ್ತಾರೆ, ಕೆಂಪು ಇಂಕಿನ ಹೆದರಿಕೆಯಲ್ಲಿ ಮನಸ್ಸಿನದನ್ನು ಬರೆಯುವುದಿಲ್ಲ ಅನ್ನುವುದು ಅವಳ ವಾದ. "ಬರೆದಿದ್ದು ನಿಮ್ಮದು, ಮೋಡ ಮಾತ್ರ ನಂದು" ಅಂತ ಮಾತು ಕೊಟ್ಟಿದ್ದಳು. ಕೊಟ್ಟ ಮಾತಿಗೆ ತಪ್ಪುವವಳೂ ಅಲ್ಲ. ಬರೆದ ಮಕ್ಕಳೇ ಕತ್ತರಿಸಿ, ಪೇರಿಸಿ, ರಟ್ಟಿಗೆ ಇಳಿಸಿ ತಂದು ಕೊಡುತ್ತಿದ್ದರು. ಅಷ್ಟು ಹೊತ್ತಿಗೆ ಬರವಣಿಗೆ ಅನ್ನುವುದು ಚೂರುಚೂರಾಗಿ ಹೋಗಿರುತ್ತಿತ್ತು.

ಕೆಲಸ ಮಾಡಿತು, ಸುಳ್ಳು ಹೇಳಬಾರದು. ಬೆಳಿಗ್ಗೆ ಎದ್ದಾಗ ನಿಮ್ಮ ಕಿವಿಗೆ ಬೀಳುವ ಮಾತುಗಳು ಯಾವುವು ಅಂತ ಒಂದು ಸಲ ಬರೆಸಿದಳು. ಇಡೀ ತರಗತಿಯ ಮೋಡದಲ್ಲಿ 'ಬೇಗ' ಅನ್ನುವ ಪದ ಆನೆಗಾತ್ರ ಬಂತು. ಪೋಷಕರ ಸಭೆಯ ದಿನ ಅಪ್ಪ ಅಮ್ಮಂದಿರು ಅದರ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆತ್ತಗಾದರು. ಬಾಯಿ ಬಿಡದ ಮಕ್ಕಳೂ ಮೋಡದಲ್ಲಿ ಬಾಯಿ ಬಿಟ್ಟವು. ಮಕ್ಕಳು ಅವಳನ್ನು ಮೋಡದ ಟೀಚರ್ ಅನ್ನತೊಡಗಿದರು, ನಾವೂ ಅಂದೆವು. ನಾನಾದರೂ ಮೂಗು ಮುರಿಯುತ್ತಲೇ ಹಾಳೆ ಕೊಡುತ್ತಿದ್ದೆ.

ಅವಳಿಗೆ ಮದುವೆ ತಡವಾಗಿ ಆಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅವಳ ಮದುವೆಯ ಆಸೆ ಬಿಟ್ಟು, ಬೇರೆಯವರ ಮದುವೆಯ ಮಾತಿಗೆ ಬಿದ್ದಿದ್ದ ಕಾಲದಲ್ಲಿ ಅವಳು ಬಂದು, "ಅಕ್ಕ, ಸಾಕ್ಷಿ ಸಹಿಗೆ ಬರ್ತೀರಾ?" ಅಂತ ಮೆಲ್ಲಗೆ ಕೇಳಿದಳು. ಗಂಡು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮೊದಲ ಹೆಂಡತಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಒಬ್ಬಳೇ ಮಗಳು, ನಮ್ಮ ಶಾಲೆಯಲ್ಲೇ ಓದುತ್ತಿದ್ದಳು. ಮನೆಯಲ್ಲಿ ಅವಳನ್ನು ಕರೆಯುವುದು ಕೂಸು ಅಂತ, ಹಾಗಾಗಿ ನಾನೂ ಹಾಗೇ ಅನ್ನುತ್ತೇನೆ. ರಿಜಿಸ್ಟರ್ ಆಫೀಸಿಗೆ ಮೂವರೂ ಒಟ್ಟಿಗೆ ಬಂದಿದ್ದರು. ಕೂಸು ಬೆಂಚಿನ ತುದಿಯಲ್ಲಿ ಕಾಲು ಆಡಿಸುತ್ತಾ ಕೂತು, ಅಪ್ಪ ಸಹಿ ಹಾಕುವುದನ್ನು ಬೇರೆ ಯಾರದೋ ಮನೆಯ ಕೆಲಸ ಅನ್ನುವ ಹಾಗೆ ನೋಡುತ್ತಿತ್ತು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಅವರ ಎರಡು ಕೋಣೆಯ ಮನೆ. ಮೆಟ್ಟಿಲು ಹೊರಗಿನಿಂದ. ಅಡಿಗೆಮನೆಯ ಕಿಟಕಿಯಲ್ಲಿ ನಿಂತರೆ ಡಿಪೋದೊಳಗೆ ಬಸ್ಸುಗಳು ಹಿಂದೆ ಮುಂದೆ ಹೋಗುವುದು ಕಾಣುತ್ತಿತ್ತು, ಅವುಗಳ ಹೊಗೆಗೆ ಪಾತ್ರೆಗಳ ಬೆನ್ನು ಕಪ್ಪಾಗುತ್ತಿತ್ತು. ಆ ಮನೆಯನ್ನು ಅವಳು ಉಜ್ಜಿ ಉಜ್ಜಿ ಇಟ್ಟುಕೊಂಡಳು. ಸತ್ತವಳ ಫೋಟೋ ಇದ್ದ ಕಡೆಯೇ ಇರಲಿ ಅಂದಳು. ಅದರ ಗಾಜನ್ನೂ ತಾನೇ ಒರೆಸಿದಳು.

ಎಲ್ಲ ಸರಿಹೋಯಿತು, ಒಂದನ್ನು ಬಿಟ್ಟು. ಕೂಸು ಅವಳನ್ನು ಏನೂ ಅಂತ ಕರೆಯುತ್ತಿರಲಿಲ್ಲ. ಶಾಲೆಯಲ್ಲಿ ಸರಿ, ಎಲ್ಲರ ಜೊತೆ ಟೀಚರ್ ಅನ್ನುತ್ತಿತ್ತು. ಗೇಟು ದಾಟಿದರೆ ಮುಗಿಯಿತು. ನಮ್ಮ ಭಾಷೆಯಲ್ಲಿ ಕರೆಯದೆ ಬದುಕಬೇಕು ಅಂದರೆ ಎಷ್ಟು ಸಲೀಸು ನೋಡಿ. "ಹಾಲು ಉಕ್ತಾ ಇದೆ." "ಅಪ್ಪ ಬಂದ್ರು." "ಬಾಚಣಿಗೆ ಎಲ್ಲಿದೆ ಅಂತ." ಯಾರಿಗೆ ಹೇಳಿದ್ದು ಅಂತ ಕೇಳುವ ಹಾಗೇ ಇಲ್ಲ. ಬೇಕಾದಾಗ ಪಕ್ಕದಲ್ಲಿ ಬಂದು ನಿಲ್ಲುತ್ತಿತ್ತು, ತಿರುಗಿ ನೋಡುವವರೆಗೂ ನಿಂತೇ ಇರುತ್ತಿತ್ತು. ಬಹುವಚನ ಮಾತ್ರ ತಪ್ಪುತ್ತಿರಲಿಲ್ಲ. ಬನ್ನಿ, ಕೊಡಿ, ನೋಡಿ.

"ಅಮ್ಮ ಅನ್ನೋದು ಬೇಡ ಅಕ್ಕ," ಅಂತ ಅವಳು ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು. "ಚಿಕ್ಕಮ್ಮ ಅನ್ಲಿ, ಆಂಟಿ ಅನ್ಲಿ. ಹೋಗ್ಲಿ, ಏ ಅನ್ಲಿ. ಏನಾದ್ರೂ ಒಂದು ಅನ್ಲಿ."

"ಕಾಲ ಬರತ್ತೆ ಕಣೇ, ಮಕ್ಕಳ ಬಾಯಿಗೆ ಕೀಲೆಣ್ಣೆ ಹಾಕೋಕಾಗತ್ತಾ?" ಅಂತ ನಾನು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಆ ಮಗುವಿಗೆ ಅವಳು ಜೀವ ಬಿಡುತ್ತಿದ್ದಳು. ಬೆಳಗಿನ ಗಡಿಬಿಡಿಯಲ್ಲೂ ಎರಡು ಜಡೆ ನೀಟಾಗಿ ಹೆಣೆದು, ಅದು ಮೆಟ್ಟಿಲಿಳಿಯುವುದನ್ನು ಹಿಂದಿನಿಂದ ನೋಡುತ್ತಾ ನಿಲ್ಲುತ್ತಿದ್ದಳಂತೆ.

ಹೀಗಿರುವಾಗ ಕೂಸಿನ ದೊಡ್ಡಮ್ಮ ಬಂದಳು. ಸತ್ತವಳ ಅಕ್ಕ, ದೂರದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು, ಮಕ್ಕಳಿರಲಿಲ್ಲ. ಕೆಟ್ಟ ಹೆಂಗಸಾಗಿದ್ದರೆ ಬೈದು ಕಳಿಸಬಹುದಿತ್ತು. ಒಳ್ಳೆಯವಳು, ಅದೇ ತೊಂದರೆಯಾಯಿತು. "ತಪ್ಪು ತಿಳ್ಕೋಬೇಡಿ," ಅಂತ ಕೈ ಹಿಡಿದು ಹೇಳಿದಳಂತೆ. "ನಿಮಗೆ ನಾಳೆ ನಿಮ್ಮದೇ ಮಗು ಆಗಬಹುದು. ಇದು ನನ್ನ ತಂಗಿ ಮಗು. ಇಲ್ಲಿ ಬಾಯಿ ಬಿಡ್ತಾ ಇಲ್ಲ, ಸೊರಗ್ತಾ ಇದೆ ಅನ್ಸತ್ತೆ. ನನ್ನ ಹತ್ರ ಬಿಡಿ, ಮಗಳ ಹಾಗೆ ನೋಡ್ಕೋತೀನಿ." ಗಂಡನನ್ನು ಕೇಳಿದರೆ ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ನಂಗಿದೆಲ್ಲ ಗೊತ್ತಾಗಲ್ಲ. ನೀನು ಹೇಗೆ ಹೇಳಿದ್ರೆ ಹಾಗೆ" ಅಂದನಂತೆ. ಗಂಡಸರಿಗೆ ಇದೊಂದು ಚೆನ್ನಾಗಿ ಬರುತ್ತದೆ. ಎಂಜಿನ್ನು ಪೂರ್ತಿ ಬಿಚ್ಚಿ ಜೋಡಿಸುವ ಮನುಷ್ಯ, ಮನೆಯ ಮಾತು ಬಂದರೆ ಸ್ಪ್ಯಾನರು ಹೆಂಡತಿಯ ಕೈಗೆ ಕೊಟ್ಟು ಎದ್ದು ಹೋಗುತ್ತಾನೆ.

"ಕೂಸನ್ನೇ ಕೂರಿಸಿಕೊಂಡು ಕೇಳೇ," ಅಂದೆ ನಾನು.

"ಕೇಳಿದ್ರೆ ನನ್ನ ಮುಖ ನೋಡಿ ಹೇಳ್ತಾಳೆ ಅಕ್ಕ. ಅಪ್ಪಂಗೆ ಬೇಜಾರಾಗ್ಬಾರ್ದು ಅಂತ ಹೇಳ್ತಾಳೆ. ಈ ವಾರ ತರಗತಿಯಲ್ಲಿ 'ನಮ್ಮ ಮನೆ' ಬರೆಸ್ತೀನಿ. ಮೋಡದಲ್ಲಿ ಸುಳ್ಳು ಬರಲ್ಲ." ಎದ್ದು ಹೊರಟವಳು ತಿರುಗಿ ನಿಂತು ಹೇಳಿದಳು: "ದೊಡ್ಡದಾಗಿ ಬೇಡ. ಎಲ್ಲಾದ್ರೂ ಒಂದು ಮೂಲೇಲಿ ನಾನಿದ್ರೆ ಸಾಕು. ಕೂಸನ್ನ ಯಾರಿಗೂ ಕೊಡಲ್ಲ."

ಆ ದಿನ ನಾನು ಬಣ್ಣದ ಪೆನ್ನುಗಳನ್ನು ಕೊಡಲು ಹೋಗಿ ಅಲ್ಲೇ ನಿಂತೆ. ಕತ್ತರಿಗಳ ಸದ್ದು ಬಿಟ್ಟರೆ ತರಗತಿ ತಣ್ಣಗಿತ್ತು. ಕೂಸು ಮೂರನೇ ಬೆಂಚಿನಲ್ಲಿ, ಪಕ್ಕದಲ್ಲಿ ನಾವೆಲ್ಲ ಬಾಯಿಬಡುಕಿ ಅನ್ನುತ್ತಿದ್ದ ಗೆಳತಿ. ಇಬ್ಬರೂ ಏನೋ ಪಿಸುಪಿಸು ಅಂದುಕೊಂಡು ನಗುತ್ತಿದ್ದರು. ಕೂಸು ಚೂರುಗಳನ್ನು ಪೇರಿಸಿತು, ಎದುರಿನ ಗೋಡೆಯ ಪಟ್ಟಿಯನ್ನು ತಲೆಯೆತ್ತಿ ನೋಡಿತು, ಡಬ್ಬಕ್ಕೆ ಹಾಕಬೇಕಾದ್ದನ್ನು ಹಾಕಿತು, ರಟ್ಟಿನ ಮೇಲೆ ಬರೆಯಿತು. ಮುಗಿದ ಮೇಲೆ ಎರಡೂ ಕೈಯಲ್ಲಿ ತಂದು ಕೊಟ್ಟು, ಜಾಗಕ್ಕೆ ಹೋಗದೆ ಟೀಚರ ಮುಖವನ್ನೇ ನೋಡುತ್ತಾ ನಿಂತಿತು.

ರಟ್ಟಿನ ನಡುವೆ 'ಅಮ್ಮ' ಅಂತ ದೊಡ್ಡದಾಗಿ ಇತ್ತು. ನನಗೆ ಒಂದು ಕ್ಷಣ ಜೀವ ಹಗುರಾಯಿತು. ಆಮೇಲೆ ಸುತ್ತ ನೋಡಿದೆ. ಫೋಟೋ. ಆಸ್ಪತ್ರೆ. ಅಪ್ಪ. ಬಸ್ಸು. ಜಡೆ. ಹಾಲು. ಮೆಟ್ಟಿಲು. ಬೆಕ್ಕು. ಆ ಅಮ್ಮ ಯಾರು ಅಂತ ಫೋಟೋ ಮತ್ತು ಆಸ್ಪತ್ರೆ ಹೇಳುತ್ತಿದ್ದವು. ಟೀಚರ್ ಅನ್ನುವ ಪದ ಇರಲಿಲ್ಲ, ಚಿಕ್ಕಮ್ಮ ಇರಲಿಲ್ಲ, ಯಾವುದೂ ಇರಲಿಲ್ಲ.

"ತುಂಬಾ ಚೆನ್ನಾಗಿದೆ," ಅಂದಳು ಮೋಡದ ಟೀಚರ್. ಅಂದು ಅದನ್ನು ಉಳಿದವರ ಮೋಡಗಳ ಜೊತೆ ಗೋಡೆಗೆ ಅಂಟಿಸಿದಳು. ಕೂಸು ಇನ್ನೂ ಒಂದು ಗಳಿಗೆ ನಿಂತಿದ್ದು ಹೋಗಿ ಕೂತುಕೊಂಡಿತು.

ಶಾಲೆ ಬಿಟ್ಟ ಮೇಲೆ ನನ್ನ ಡ್ರಾಯಿಂಗ್ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಅವಳು ಹಾಗೆ ಅತ್ತದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. "ಕೆಳಗಿನ ಅಂಗಡಿ ಬೆಕ್ಕಿಗೂ ಜಾಗ ಇದೆ ಅಕ್ಕ," ಅಂದಳು. ಬೆಕ್ಕಂತೂ ಇತ್ತು. ಕಣ್ಣೊರೆಸಿಕೊಂಡು ಎದ್ದವಳೇ, "ಸೊರಗ್ತಾ ಇದೆ ಅಂದ್ರಲ್ಲ ಅವಳ ದೊಡ್ಡಮ್ಮ, ನಿಜಾನೇ. ಇರೋಕಿಷ್ಟ ಇಲ್ಲದ ಮಗೂನ ನನ್ನ ಆಸೆಗೆ ಕಟ್ಟಿ ಹಾಕಬಾರದು" ಅಂದಳು.

ಪರೀಕ್ಷೆ ಮುಗಿದ ಕೂಡಲೇ ಕೂಸನ್ನು ಕಳಿಸಿಕೊಟ್ಟರು. ದೊಡ್ಡಮ್ಮನೇ ಬಂದು ಕರೆದುಕೊಂಡು ಹೋದಳು. ಬಸ್ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಅಪ್ಪ ಡ್ರೈವರನ ಹತ್ತಿರ ಬ್ರೇಕಿನ ವಿಷಯ ಮಾತಾಡುತ್ತಾ ಮುಖ ಮರೆಸಿಕೊಂಡಿದ್ದ. ಇವಳು ಕಿಟಕಿಯ ಕೆಳಗೆ ನಿಂತು ಸ್ವೆಟರ್ ಎಲ್ಲಿದೆ, ನೀರಿನ ಬಾಟಲಿ ಎಲ್ಲಿದೆ, ವಾಂತಿ ಬಂದರೆ ಕವರು ಯಾವ ಜೇಬಿನಲ್ಲಿದೆ ಅಂತ ಹೇಳಿದ್ದನ್ನೇ ಹೇಳುತ್ತಿದ್ದಳು. ಕೂಸು ಎಲ್ಲದಕ್ಕೂ ಹೂಂಗುಟ್ಟಿತು. ಅಳಲಿಲ್ಲ. ಬಸ್ಸು ತಿರುವು ದಾಟಿದ ಮೇಲೆ ಇವಳು, "ನೋಡಿದ್ರಾ ಅಕ್ಕ, ಒಂದು ಹನಿ ಕಣ್ಣೀರಿಲ್ಲ. ನಾನು ಮಾಡಿದ್ದೇ ಸರಿ" ಅಂದಳು. ಸರಿ ಅಂದವಳ ದನಿ ಸರಿಯಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಬಡವಾದಳು. ಬೆಳಿಗ್ಗೆ ಜಡೆ ಹೆಣೆಯುವ ಹೊತ್ತು ಖಾಲಿ ಬಿದ್ದಿದ್ದರಿಂದ ಶಾಲೆಗೆ ಎಲ್ಲರಿಗಿಂತ ಮೊದಲು ಬಂದು ಕೂರತೊಡಗಿದಳು. ದೊಡ್ಡಮ್ಮ ಆಗಾಗ ಫೋನು ಮಾಡುತ್ತಿದ್ದಳು. ಕೂಸು ಚೆನ್ನಾಗಿದೆ, ಮೈ ಕೈ ತುಂಬಿಕೊಂಡಿದೆ ಅನ್ನುತ್ತಿದ್ದಳು. ಕೂಸು ಫೋನಿಗೆ ಬಂದರೆ ಅಪ್ಪನ ಜೊತೆ ಮಾತಾಡುತ್ತಿತ್ತು. ಇವಳ ಕೈಗೆ ಫೋನು ಬಂದರೆ ಆ ಕಡೆಯಿಂದ ಉಸಿರು ಮಾತ್ರ ಕೇಳುತ್ತಿತ್ತಂತೆ. ನಾಳೆ ನಿಮ್ಮದೇ ಮಗು ಆಗಬಹುದು ಅಂದಿದ್ದಳಲ್ಲ ದೊಡ್ಡಮ್ಮ, ಅದೂ ಆಗಲಿಲ್ಲ.

ಮುಂದಿನ ವರ್ಷ ಅದೇ ಮಕ್ಕಳು ಒಂದು ತರಗತಿ ಮೇಲೇರಿದರು, ಇವಳೂ ಅವರ ಜೊತೆಗೇ ಹೋದಳು. ಒಂದು ಮಧ್ಯಾಹ್ನ 'ನಮ್ಮ ಮನೆಯ ಕೆಲಸಗಳು' ಅಂತ ಬರೆಸುತ್ತಿದ್ದಳು. ನಾನು ರಟ್ಟು ಎಣಿಸಿ ಕೊಡಲು ಹೋಗಿದ್ದೆ. ಬಾಯಿಬಡುಕಿ ಎದ್ದು ನಿಂತಳು.

"ಟೀಚರ್, 'ಅವರು' ಡಬ್ಬಕ್ಕೆ ಹಾಕಲ್ಲ ನಾನು."

"ಯಾಕಮ್ಮಾ? ಜೊಳ್ಳಲ್ವಾ ಅದು?"

"ನಮ್ಮಮ್ಮ ನಮ್ಮಪ್ಪನ್ನ 'ಅವರು' ಅಂತಾನೇ ಅನ್ನೋದು ಟೀಚರ್. ಅವರು ಬಂದ್ರು, ಅವರು ಬೈತಾರೆ, ಅವರಿಗೆ ಟೀ ಕೊಡು ಅಂತ. ಅಮ್ಮ ಹೇಳಿದ ಹಾಗೇ ಬರೆದಿದೀನಿ. ಅದನ್ನ ಡಬ್ಬಕ್ಕೆ ಹಾಕಿದ್ರೆ ನಮ್ಮಪ್ಪ ಜೊಳ್ಳಾ?"

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಮೋಡದ ಟೀಚರೂ ನಗಲು ಶುರು ಮಾಡಿದಳು, ಆದರೆ ನಗು ಮುಗಿಸಲಿಲ್ಲ. ಬಾಯಿಬಡುಕಿ ನಗಿಸಿದ ಖುಷಿಯಲ್ಲಿ ಇನ್ನೂ ಮಾತಾಡುತ್ತಲೇ ಇದ್ದಳು.

"ಹೋದ ವರ್ಷ ಕೂಸು ಪಾಪ ಎಲ್ಲಾನೂ ಹಾಕ್ಬಿಟ್ಳು ಟೀಚರ್. ಅವಳು ಬರೆದಿದ್ದೇ ಬರೀ ಅವರು, ಅವರು, ಅವರು. 'ಅಮ್ಮ' ಕಟ್ಟು ಇಷ್ಟೇ ಇತ್ತು. 'ಅವರು' ಇಷ್ಟೆತ್ತರ!" ಅಂತ ಬೆರಳುಗಳನ್ನು ಅಗಲಿಸಿ ತೋರಿಸಿದಳು. "ಹಾಕಬೇಡ ಕಣೇ ಅಂದೆ. ಪಟ್ಟೀಲಿದೆಯಲ್ಲ, ಟೀಚರ್ ಬೈತಾರೆ ಅಂದ್ಳು. ನಮ್ಮ ಬೆಂಚಿನ ಡಬ್ಬ ತುಂಬಿಹೋಗಿತ್ತು."

ಮೋಡದ ಟೀಚರ್ ಮೇಜಿನ ಅಂಚು ಹಿಡಿದುಕೊಂಡಳು. "ಯಾರು?" ಅಂತ ಕೇಳಿದಳು. "ಅವರು ಅಂದ್ರೆ ಯಾರು?"

"ನೀವೇ ಟೀಚರ್!" ಅಂದಳು ಬಾಯಿಬಡುಕಿ, ಇದೂ ಗೊತ್ತಿಲ್ಲವಾ ಅನ್ನುವ ಹಾಗೆ. "ಕತ್ತರಿಸೋ ಮುಂಚೆ ನಂಗೆ ಓದಿ ತೋರಿಸಿದ್ಳು. ಅವರು ಬಂದ ಮೇಲೆ ಮೆಟ್ಟಿಲ ಲೈಟು ರಿಪೇರಿ ಆಯ್ತು. ಅವರು ಹಾಲು ಆರಿಸಿ ಕೊಡ್ತಾರೆ. ಅವರಿಗೆ ಸಿಟ್ಟು ಬಂದ್ರೆ ಪಾತ್ರೆ ಜೋರಾಗಿ ತೊಳೀತಾರೆ, ಆದ್ರೆ ಬೈಯಲ್ಲ. ಅವರು ಅಮ್ಮನ ಫೋಟೋ ಒರೆಸ್ತಾರೆ. ಅವರು ಜಡೆ ಹಾಕುವಾಗ ಹಾಡ್ತಾರೆ, ಅವರಿಗೆ ಹಾಡೋಕೆ ಬರಲ್ಲ. ಅದಕ್ಕೇ ನಾವಿಬ್ಬರೂ ನಕ್ಕಿದ್ದು."

ಮಕ್ಕಳು ಮತ್ತೆ ನಕ್ಕರು. ಅವಳು ಕುರ್ಚಿಯ ಮೇಲೆ ಕೂತಳು, ಕೂತದ್ದಲ್ಲ, ಬಿದ್ದಳು. ಮನೆಯ ಬಗ್ಗೆ ಬರೆ ಅಂದರೆ ಆ ಮಗು ಏನು ಬರೆಯಬೇಕಿತ್ತು? ಟೀಚರ್ ಅಂತ ಬರೆದರೆ ಅದು ಶಾಲೆಯ ಮಾತು. ಅಮ್ಮ ಅಂತ ಬರೆದರೆ ಫೋಟೋದಲ್ಲಿದ್ದವಳಿಗೆ ದ್ರೋಹ. ಅದಕ್ಕೆ ಸಿಕ್ಕಿದ್ದು ಒಂದೇ ಮಾತು, ಮನೆಯ ಹಿರಿಯರಿಗೆ ನಾವೆಲ್ಲ ಅನ್ನುವ ಮಾತು. ಅದನ್ನು ಹಾಳೆಯ ತುಂಬ ಬರೆದು, ಟೀಚರ್ ಹೇಳಿಕೊಟ್ಟ ಹಾಗೆ ಜಾಣತನದಿಂದ ಒಂದನ್ನೂ ಬಿಡದೆ ಆರಿಸಿ ಬಿಸಾಕಿತ್ತು. ಪದಗಳ ಬಾಲ ಕತ್ತರಿಸುವುದು ಬಲ್ಲವಳು, ಅರ್ಥ ವಿಂಗಡಿಸುವುದು ಬಲ್ಲವಳು, ತನ್ನ ಹೆಸರನ್ನೇ ತಾನು ಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು. ಆ ಚೂರುಗಳೋ, ಯಾವತ್ತೋ ಕಸದ ಗಾಡಿ ಹತ್ತಿ ಹೋಗಿದ್ದವು.

ಪಟ್ಟಿಯನ್ನು ಅವತ್ತೇ ಹರಿದಳು. ಡಬ್ಬಗಳನ್ನು ತೆಗೆಸಿದಳು. 'ಮತ್ತು' ನಡುವೆ ಬಂದು ಕೂತರೆ ಕೂರಲಿ ಅಂದಳು. ಅವಳ ನಿವೃತ್ತಿಯ ದಿನ ಇನ್‌ಸ್ಪೆಕ್ಟರು ಬಹಳ ಮೆಚ್ಚಿಕೊಂಡದ್ದೂ ಇದನ್ನೇ, ಯಾವ ಪದವನ್ನೂ ಬಿಡದ ವಿಶಾಲ ದೃಷ್ಟಿ ಅಂತ.

ರಜೆ ಸಿಕ್ಕಿದ ಕೂಡಲೇ ಕೂಸನ್ನು ಕರೆತರಲು ಹೊರಟಳು. "ನೀವೂ ಬನ್ನಿ ಅಕ್ಕ, ನಂಗೊಬ್ಬಳಿಗೇ ಕೈಕಾಲು ಆಡಲ್ಲ" ಅಂದಳು. ಗಂಡ ಬಸ್ಸಿಗೆ ಹತ್ತಿಸಿ, "ಬರ್ತೀನಿ ಅಂದ್ರೆ ಕರ್ಕೊಂಡು ಬಾ" ಅಂದ. ಅವನ ದನಿಯಲ್ಲೂ ಆಸೆಯಿತ್ತು, ಪಾಪ. ದಾರಿಯುದ್ದಕ್ಕೂ ಅವಳು ಮಾತಾಡಿದಳು. ಕೂಸಿನ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದೇನೆ, ಶಾಲೆಗೆ ಮತ್ತೆ ಸೇರಿಸಲು ಹೆಡ್‌ಮಾಸ್ಟರ ಹತ್ತಿರ ಮಾತಾಡಿದ್ದೇನೆ, ಬಾಯಿಬಡುಕಿಯ ಪಕ್ಕದ ಜಾಗ ಹಾಗೇ ಇಡಿಸಿದ್ದೇನೆ ಅಂತ. "ಕರೆಯದೇ ಇದ್ರೂ ಪರವಾಗಿಲ್ಲ ಅಕ್ಕ, ಈಗ ಗೊತ್ತಾಯ್ತಲ್ಲ" ಅಂತ ನಗುತ್ತಿದ್ದಳು. ಅಷ್ಟು ಖುಷಿಯಾಗಿ ಅವಳನ್ನು ನೋಡಿ ಎಷ್ಟೋ ದಿನವಾಗಿತ್ತು.

ಹೊಲಿಗೆ ಅಂಗಡಿಯ ಹಿಂದೆಯೇ ಮನೆ. ಬಾಗಿಲು ತಟ್ಟಿದಾಗ ಕೂಸೇ ಬಂದು ತೆರೆಯಿತು. ಎತ್ತರವಾಗಿತ್ತು, ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದ್ದರು. ನಮ್ಮನ್ನು ನೋಡಿ ಅದರ ಮುಖ ಅರಳಿತು, ಅದು ಮಾತ್ರ ನಿಜ. ಅರಳಿದ ಮುಖದಲ್ಲೇ ಒಳಗೆ ತಿರುಗಿ ಕೂಗಿತು:

"ಅಮ್ಮಾ, ಟೀಚರ್ ಬಂದಿದಾರೆ!"

ದೊಡ್ಡಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿ ಬಂದಳು. ಕೂಸಿನ ಮಾತು ನಮ್ಮ ಕಿವಿಗೆ ಬಿದ್ದಿದೆ ಅಂತ ಅವಳಿಗೆ ತಿಳಿಯಿತು. ಮುಖ ಕೆಂಪಾಗಿ, "ನಾನು ಹೇಳಿಕೊಟ್ಟಿದ್ದಲ್ಲ, ಅದಾಗೇ ಶುರು ಮಾಡ್ತು" ಅಂತ ತಡವರಿಸಿದಳು. ಇವಳು, "ಒಳ್ಳೇದೇ ಆಯ್ತಲ್ಲ, ಅದಕ್ಯಾಕೆ ಸಂಕೋಚ" ಅಂದಳು. ಆ ಮಾತಾಡಲು ಅವಳು ಎಷ್ಟು ಶಕ್ತಿ ಕೂಡಿಸಿಕೊಂಡಳೋ ಪಕ್ಕದಲ್ಲಿದ್ದ ನನಗೆ ಗೊತ್ತು. ಟೀ ಬಂತು, ಬ್ರೆಡ್ಡು ಬಂತು. ಕೂಸು ತಾನೇ ಹೊಲಿದ ದಿಂಬಿನ ಕವರು ತಂದು ತೋರಿಸಿತು, ಹೊಸ ಶಾಲೆಯ ಗೆಳತಿಯರ ವಿಷಯ ಹೇಳಿತು. ಎಷ್ಟು ಮಾತು! ನಾನು ಬಲ್ಲ ಕೂಸೇ ಅಲ್ಲ. ಮಾತಿನ ಮಧ್ಯೆ ಅಮ್ಮ, ಅಮ್ಮ ಅಂತ ದೊಡ್ಡಮ್ಮನ ಕಡೆ ತಿರುಗುತ್ತಿತ್ತು, ಟೀಚರ್, ಟೀಚರ್ ಅಂತ ಇವಳ ಕಡೆ.

ಹೊರಡುವ ಮೊದಲು ಕೂಸೂ ಇವಳೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ನಾನು ಬಾಗಿಲಲ್ಲಿ ಚಪ್ಪಲಿ ಹುಡುಕುವ ನೆವದಲ್ಲಿ ನಿಂತೆ.

"ಕೂಸೂ, ಹೋದ ವರ್ಷ ನನ್ನ ಬಗ್ಗೆ ಬರೆದಿದ್ಯಂತೆ."

"ಹೂಂ."

"ಯಾಕೆ ಹೇಳಲಿಲ್ಲ ನಂಗೆ?"

ಕೂಸು ಮೆಟ್ಟಿಲ ಮೇಲೆ ಬೆರಳಲ್ಲಿ ಗೀರಿತು. "ನೀವೇ ಕೇಳ್ತೀರಿ ಅಂದ್ಕೊಂಡೆ. ಮೋಡ ಕೊಟ್ಟಾಗ ನಿಂತಿದ್ನಲ್ಲ," ಅಂದಿತು. ಅದರ ದನಿಯಲ್ಲಿ ದೂರು ಇರಲಿಲ್ಲ. ಎಲ್ಲ ಮುಗಿದುಹೋದದ್ದನ್ನು ಹೇಳುವ ಹಾಗೆ ಹೇಳಿತು. "ಚೆನ್ನಾಗಿದೆ ಅಂದ್ರಿ. ಆಮೇಲೆ ಇಲ್ಲಿಗೆ ಕಳಿಸಿದ್ರಿ. ಮೊದಲು ತುಂಬಾ ಅಳು ಬರ್ತಿತ್ತು. ಈಗ ಬರಲ್ಲ."

ಇವಳ ಕೈ ಕೂಸಿನ ತಲೆಯ ಮೇಲೆ ಹೋಗಿ, ಜಡೆಯಿಲ್ಲದ ಕೂದಲಲ್ಲಿ ಏನು ಮಾಡಬೇಕೋ ತಿಳಿಯದೆ ಅಲ್ಲೇ ನಿಂತಿತು. ಒಳಗೆ ಹೊಲಿಗೆ ಯಂತ್ರ ಒಮ್ಮೆ ಓಡಿ ನಿಂತಿತು. ದೊಡ್ಡಮ್ಮನೂ ಕಿವಿಗೊಟ್ಟು ಕೂತಿದ್ದಾಳೆ ಅಂತ ನನಗನ್ನಿಸಿತು. ಅವಳ ಜೀವವೂ ಅದೇ ಮೆಟ್ಟಿಲ ಮೇಲೆ ಇತ್ತಲ್ಲ.

ಇವಳು ಬಸ್ಸಿನಲ್ಲಿ ಹೊರಟಾಗಿನಿಂದ ಕಾದಿಟ್ಟುಕೊಂಡಿದ್ದ ಮಾತನ್ನು ಕೇಳಿಯೇ ಬಿಟ್ಟಳು.

"ಕೂಸೂ, ಮನೆಗೆ ಬರ್ತೀಯಾ?"

ಕೂಸು ಖುಷಿಯಿಂದ ತಲೆಯೆತ್ತಿ ನೋಡಿತು.

"ಬರ್ತೀನಿ ಟೀಚರ್. ಎಷ್ಟು ದಿನಕ್ಕೆ?"

ಅವಳು ಕೂಸಿನ ಮುಖವನ್ನೇ ನೋಡಿದಳು. ಆಮೇಲೆ ಅದರ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, "ನಿಮ್ಮಮ್ಮ ಎಷ್ಟು ದಿನಕ್ಕೆ ಕಳಿಸ್ತಾರೋ ಅಷ್ಟು ದಿನಕ್ಕೆ" ಅಂದಳು.